ಇಪ್ಪತ್ತನೇ ಫಾರಂ

ಬೀದಿಗಿಳಿದು ಜನರನ್ನು ಕೇಳಬೇಕಾದ ಪ್ರಶ್ನೆಗಳಿಗೆ ಪೀಠಿಕೆ ಬರೆಯುತ್ತಾ ಕೂತರೆ ಮೂರು ತಿಂಗಳು ಯಾವ ಲೆಕ್ಕ? ಸಮಾಜಶಾಸ್ತ್ರದ ಗುತ್ತಿಗೆ ಮೇಷ್ಟ್ರ ಪೀಠಿಕೆ ನಲವತ್ತು ಪುಟ ದಾಟಿತ್ತು. ಜನ ತುಂಬಿಕೊಟ್ಟ ಫಾರಂ ಮಾತ್ರ ಒಂದೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೇ ಫೋನು ಬಡಿದುಕೊಂಡಿತು.

"ಇವತ್ತು ಸಂಜೆ ಐದಕ್ಕೆ ಇಪ್ಪತ್ತು ಮನೆ ಫಾರಂ ನನ್ನ ಮೇಜಿನ ಮೇಲಿರ್ಬೇಕು," ಅಂದರು ವಿಭಾಗದ ಮುಖ್ಯಸ್ಥೆ. "ಕೆಲಸ ಚೆನ್ನಾಗಿದ್ರೆ ಖಾಯಂ ಮಾಡೋಣ. ಇಲ್ದಿದ್ರೆ ನಾಳೆಯಿಂದ ನೀವು ಬರೋದು ಬೇಡ."

ಹೆಂಡತಿ ಮುಂದಿಟ್ಟ ತಿಂಡಿಯನ್ನೂ ಮುಟ್ಟದೆ ಮೇಷ್ಟ್ರು ಫಾರಂಗಳ ಕಟ್ಟು ಬಗಲಿಗಿಟ್ಟುಕೊಂಡು ಓಡಿದರು. ಫಾರಂನಲ್ಲಿ ಹೆಸರು ಬೇಡ, ಬಾಗಿಲ ಸಂಖ್ಯೆ ಸಾಕು. ಪ್ರಶ್ನೆ ನಾಲ್ಕೇ: ಮನೆಯಲ್ಲಿ ಅಸಮಾನತೆ ಇದೆಯೆ? ಯಾರು ಎಷ್ಟು ಓದಿದ್ದಾರೆ? ದೇವರು ಯಾವಾಗ ನೆನಪಾಗುತ್ತಾನೆ? ಮನೆಯವರು ಏನಾದರೂ ಅಪರಾಧ ಮಾಡಿದ್ದಾರೆಯೆ?

"ಅಪರಾಧಾನಾ? ನಮ್ಮನೇಲಾ?" ದರ್ಜಿ ಕತ್ತರಿ ಕೈಯಲ್ಲಿ ಹಿಡಿದೇ ಎದ್ದು ನಿಂತ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. "ನಮ್ಮದೇನೂ ಇಲ್ಲ ಸ್ವಾಮಿ. ಪಕ್ಕದ್ಮನೆ ಹಲ್ಲಿನ ಡಾಕ್ಟರಮ್ಮಂದು ಬೇಕಾದ್ರೆ ಹೇಳ್ತೀನಿ, ಬರ್ಕೊಳ್ಳಿ. ಚೆನ್ನಾಗಿರೋ ಹಲ್ಲನ್ನೇ ಕೀಳ್ತಾಳೆ."

ಹಲ್ಲಿನ ಡಾಕ್ಟರಮ್ಮ ಮೇಷ್ಟ್ರನ್ನು ನೋಡಿದ್ದೇ ಕುರ್ಚಿಗೆ ತಳ್ಳಿ ಬಾಯಿಗೆ ಹತ್ತಿ ತುರುಕಿದರು. ಮೇಷ್ಟ್ರು "ಊ ಊ" ಎನ್ನುತ್ತಾ ಫಾರಂ ಬೀಸಿದ ಮೇಲೆಯೇ ಬಿಡುಗಡೆ. "ಓ, ಸರ್ವೇನಾ? ನಮ್ಮನೇಲಿ ಎಲ್ಲರೂ ಸರಿಸಮಾನ," ಅಂದರು ಡಾಕ್ಟರಮ್ಮ, ಒಳಗೆ ನೆಲ ಒರೆಸುತ್ತಿದ್ದ ಅತ್ತೆಯನ್ನು ನೋಡುತ್ತಾ. "ಅಸಮಾನತೆ ನೋಡ್ಬೇಕಂದ್ರೆ ಎದುರುಮನೆ ಪೋಸ್ಟ್‌ಮಾಸ್ಟರದ್ದು ಬರೀಬೇಕು. ಕೊಡಿ ಇಲ್ಲಿ, ನಾನೇ ತುಂಬ್ತೀನಿ."

ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಮನೆಯ ಪ್ರಶ್ನೆಗೆ ಕಿವಿ ಕೇಳಿಸದು ಎಂದರು. ದರ್ಜಿಯ ಹೆಸರೆತ್ತಿದ್ದೇ ಕಿವಿ ಚುರುಕಾಯಿತು. "ನನ್ನ ಅಂಗಿ ಬಟ್ಟೇಲಿ ಅವನ ಮಗನಿಗೆ ಚಡ್ಡಿ! ಜಾಗ ಸಾಲಲ್ಲ, ಇನ್ನೊಂದು ಹಾಳೆ ಕೊಡಪ್ಪಾ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಯಾರ ಮನೆಯದನ್ನು ಯಾರು ಬರೆದರೇನು, ಫಾರಂ ತುಂಬಿದರೆ ಸಾಕು ಎಂದುಕೊಂಡರು ಮೇಷ್ಟ್ರು. ಸುದ್ದಿ ಬೀದಿಯ ತುದಿ ಮುಟ್ಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಮನೆ ಮುಂದೆ ಜನವೋ ಜನ. ಎಲ್ಲರಿಗೂ ಪಕ್ಕದ ಮನೆಯ ಫಾರಂ ಬೇಕು. ಮೇಷ್ಟ್ರು ಖುಷಿಯಿಂದ ಉಬ್ಬಿಹೋದರು.

ಆದರೆ ದರ್ಜಿ ಪೋಸ್ಟ್‌ಮಾಸ್ಟರ ಹೆಗಲ ಮೇಲಿಂದ ಇಣುಕಿ ಚಡ್ಡಿಯ ವಿಷಯ ಓದಿಬಿಟ್ಟ. "ಕಳ್ಳನಾ ನಾನು?" ಎಂದು ಹಾಳೆಗೆ ಕೈ ಹಾಕಿದ. ಯಾರೋ ಯಾರನ್ನೋ ತಳ್ಳಿದರು. ಡಾಕ್ಟರಮ್ಮ ತಮ್ಮ ಬಗ್ಗೆ ದರ್ಜಿ ಹೇಳಿದ್ದನ್ನು ಗಟ್ಟಿಯಾಗಿ ಓದತೊಡಗಿದರು. ಬಿಡಿಸಲು ಹೋದ ಮೇಷ್ಟ್ರ ಅಂಗಿಯ ತೋಳು ಕಿತ್ತುಬಂತು, ಕನ್ನಡಕ ಚರಂಡಿ ಪಾಲಾಯಿತು. ಒಂದು ಫಾರಂ ಚೂರುಚೂರಾಯಿತು. ಜನ ಚದುರಿದ ಮೇಲೆ ಎಣಿಸಿದರೆ ಹತ್ತೊಂಬತ್ತು! ಗಂಟೆ ನಾಲ್ಕೂಕಾಲು.

"ಕೆಟ್ಟೆ ಕಣೇ! ಒಂದು ಕಮ್ಮಿ. ಕೆಲಸ ಹೋಯ್ತು!" ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು. ಅಳುವೇ ಬಂದುಬಿಟ್ಟಿತು.

ಹೆಂಡತಿ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಒಂದು ಫಾರಂ ತಂದಿತ್ತಳು. "ತಗೊಳ್ರೀ, ಒಂದ್ಮನೇದು ನಾನೇ ಬರೆದಿದ್ದೀನಿ. ಹೊರಡಿ ಬೇಗ."

"ನನ್ನ ದೇವರು ನೀನು!" ಎಂದು ಮೇಷ್ಟ್ರು ಅದನ್ನು ಕಟ್ಟಿನೊಳಗೆ ತುರುಕಿ ಓಡಿದರು. ಕನ್ನಡಕವಿಲ್ಲದೆ ಓದುವುದಾದರೂ ಹೇಗೆ?

ಮುಖ್ಯಸ್ಥೆ ಒಂದೊಂದೇ ಓದುತ್ತಾ ಬುಟ್ಟಿಗೆ ಎಸೆದರು. "ಇದೆಲ್ಲ ಪಕ್ಕದ್ಮನೆಯವರು ಬರೆದದ್ದು. ತಮ್ಮನೆ ಬಗ್ಗೆ ಇಷ್ಟು ಸಂತೋಷದಿಂದ ಯಾರೂ ಬರೆಯಲ್ಲ." ಇಪ್ಪತ್ತನೆಯದು ಬಂದಾಗ ಆಕೆ ನೆಟ್ಟಗೆ ಕೂತು ಗಟ್ಟಿಯಾಗಿ ಓದಿದರು.

"ಅಸಮಾನತೆ: ಇದೆ. ಗಂಡ ಅಸಮಾನತೆಯ ಬಗ್ಗೆ ಮಾತಾಡುತ್ತಾರೆ. ಮಾತಾಡುವಾಗ ತೊಡುವ ಅಂಗಿಯನ್ನು ಹೆಂಡತಿ ಒಗೆಯುತ್ತಾಳೆ. ಓದು: ಇಬ್ಬರೂ ಒಂದೇ ತರಗತಿ. ಹೆಂಡತಿಗೆ ಹದಿನೇಳು ಅಂಕ ಹೆಚ್ಚು. ಮನೆಯಲ್ಲಿ ಈ ಮಾತು ಎತ್ತುವಂತಿಲ್ಲ. ದೇವರು: ಗಂಡನಿಗೆ ಕೆಲಸ ಹೋಗುವ ಭಯವಾದಾಗ ಇದ್ದಾನೆ. ಮಿಕ್ಕ ಹೊತ್ತು ದೇವರು ಬರೀ ಸಾಮಾಜಿಕ ವ್ಯವಸ್ಥೆ. ಅಪರಾಧ: ಗಂಡನ ಹೆಸರಲ್ಲಿ ಅಚ್ಚಾದದ್ದೆಲ್ಲ ಹೆಂಡತಿ ಬರೆದದ್ದು."

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾಲ್ಕು ಪ್ರಶ್ನೆಗೂ ತಮ್ಮನೇದೇ ನಿಜವಾದ ಉತ್ತರ!" ಮುಖ್ಯಸ್ಥೆ ಮೇಜು ಕುಟ್ಟಿದರು. "ಸಮಾಜಶಾಸ್ತ್ರ ಅಂದ್ರೆ ಇದು. ಖಾಯಂ ಹುದ್ದೆ ಇರೋದು ಒಂದೇ, ಅದು ಈಕೆಗೆ. ಕ್ಷಮಿಸಿ ಮೇಷ್ಟ್ರೇ." ಕೂಡಲೇ ಪತ್ರ ಬರೆದು ಲಕೋಟೆ ಅಂಟಿಸಿದರು. "ಇಪ್ಪತ್ತೇಳನೇ ಬಾಗಿಲು. ಗೊತ್ತಾ ಈ ಮನೆ?"

"ಗೊ... ಗೊತ್ತು ಮೇಡಂ. ಆ ಕಡೆಗೇ ಹೋಗ್ತಿದ್ದೀನಿ."

"ಹಾಗಾದ್ರೆ ನೀವೇ ಮುಟ್ಟಿಸಿ. ಆ ಗಂಡ ಏನಾದ್ರೂ ತಕರಾರು ತೆಗೆದ್ರೆ ನನಗೆ ಹೇಳಿ. ಒಂದಿನ ತರಗತಿಗೆ ಕರೆಸೋಣ, ವಿದ್ಯಾರ್ಥಿಗಳು ಕಣ್ಣಾರೆ ನೋಡ್ಲಿ."

"ಏನೂ ತೆಗೆಯಲ್ಲ ಮೇಡಂ," ಅಂದರು ಮೇಷ್ಟ್ರು. "ಪಾಪದವನು."

ಇಪ್ಪತ್ತೇಳನೇ ಬಾಗಿಲು ತಟ್ಟಿ ಲಕೋಟೆ ಕೊಟ್ಟರು. ಹೆಂಡತಿ ಎರಡು ಸಲ ಓದಿದಳು. ಮುಖ ಅರಳಿತು.

"ಎಷ್ಟು ಹೊತ್ತಿಗೆ ಹೋಗ್ಬೇಕಂತೆ ರೀ?"

"ಒಂಬತ್ತಕ್ಕೆ," ಅಂದರು ಮೇಷ್ಟ್ರು ಕ್ಷೀಣವಾಗಿ.

"ಹಾಗಾದ್ರೆ ಎಂಟೂವರೆಗೆ ನನ್ನ ಡಬ್ಬಿ ಕಟ್ಟಿಟ್ಬಿಡಿ. ಉಪ್ಪು ಎಡಗಡೆ ಕಪಾಟಿನಲ್ಲಿದೆ."