ಒಳಮಾತು ಕೇಳುವ ಪೆಟ್ಟಿಗೆ

ನಮ್ಮ ಪಕ್ಕದ ಮನೆಯ ಶಂಭುಲಿಂಗಪ್ಪ ಮಿಕ್ಸಿ ರಿಪೇರಿಯವನು. ಕೆಟ್ಟ ಮಿಕ್ಸಿ ಕೊಟ್ಟರೆ ಅಚ್ಚುಕಟ್ಟಾಗಿ ಸರಿಮಾಡುತ್ತಾನೆ. ಯಾರ ಮಿಕ್ಸಿಯೂ ಕೆಡದೆ ಅವನ ಕೈ ಖಾಲಿಯಾದಾಗಲೇ ಬೀದಿಗೆ ಅಪಾಯ. ಆ ಸೋಮವಾರ ಬೆಳಿಗ್ಗೆ ಹಳೇ ರೇಡಿಯೋ ಪೆಟ್ಟಿಗೆಗೆ ಡಾಕ್ಟರ ಸ್ಟೆತಾಸ್ಕೋಪು, ಕುಕ್ಕರಿನ ಸೀಟಿ, ತಲೆಯ ಮೇಲೊಂದು ಸೋಲಾರ್ ಹಲಗೆ ಜೋಡಿಸಿ, ಜಗುಲಿಯ ಮೇಲಿಟ್ಟು, ಕುಂಕುಮ ಹಚ್ಚಿ ನನ್ನನ್ನು ಕೂಗಿದ.

ಮಗಳು ದಾಕ್ಷಾಯಿಣಿಗಾಗಿ ಮಾಡಿದ್ದಂತೆ. ಕಾಲೇಜಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಟೇಪು ಕೇಳಿಸಿ ಉತ್ತರ ಬರೆಸುವ ಭಾಗವೊಂದಿದೆ. ಅದರಲ್ಲಿ ಹುಡುಗಿ ಎರಡು ಸಲ ಫೇಲಾಗಿದ್ದಳು. ಮುಂದಿನ ಸೋಮವಾರವೇ ಕೊನೆಯ ಅವಕಾಶ. ಹತ್ತಕ್ಕೆ ಏಳು ಬರದಿದ್ದರೆ ಡಿಗ್ರಿಯೂ ಇಲ್ಲ, ಸಿಕ್ಕಿದ್ದ ಬಿ.ಎಡ್. ಸೀಟೂ ಇಲ್ಲ. ಟೀಚರಾಗುತ್ತೇನೆಂದು ಏಳನೇ ವಯಸ್ಸಿನಿಂದ ನನ್ನ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಪಾಠ ಬರೆದವಳು. ರಾತ್ರಿ ಶಾಲೆಗೆ ಹೋಗಿ ನಲವತ್ತೆಂಟನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಆ ಸಂಕಟ ತಿಳಿಯದೆ ಇರುತ್ತದೆಯೇ?

ಮಾತೆಲ್ಲ ಅವಳಿಗೆ ಅರ್ಥವಾಗುತ್ತದೆ. ‘ಮಾತಾಡಿದವರ ಮನಸ್ಸಿನಲ್ಲಿ ಏನಿದೆ’ ಎಂಬ ಪ್ರಶ್ನೆ ಬಂದರೆ ಮಾತ್ರ ಸೋಲು. ಯಾರು ಏನಂದರೂ ಹಾಗೇ ನಂಬುವ ಮಗು ಅದು.

ಅದಕ್ಕೇ ಈ ಪೆಟ್ಟಿಗೆ. ಸುತ್ತಮುತ್ತ ಯಾರು ಬಾಯಿಬಿಟ್ಟರೂ ಗಂಟಲಿನ ನಡುಕ ಅಳೆದು ಒಳಗಿನ ಮಾತು ಹಿಡಿದು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತದೆ, ನಾಲ್ಕು ಉತ್ತರ ಕೊಡುತ್ತದೆ. ದಾಕ್ಷಿ ಸರಿಯಾದದ್ದನ್ನು ಹೇಳುವವರೆಗೂ ಸೀಟಿ ನಿಲ್ಲುವುದಿಲ್ಲ. ಆಫ್ ಮಾಡುವುದು ಹೇಗೆ ಎಂದು ಕೇಳಿದೆ.

“ಆಫ್ ಸ್ವಿಚ್ ಇಟ್ರೆ ಇವ್ಳು ಓದ್ತಾಳಾ, ತಾಯಮ್ಮೋರೆ?” ಅಂದ.

ಅಷ್ಟರಲ್ಲಿ ಅವನ ಹೆಂಡತಿ ಸರ್ವಮಂಗಳ ಬಂದು ಕಾಫಿ ಕೊಡಲೇ ಎಂದಳು. “ಬೇಡ ಕಣಮ್ಮ, ಈಗ್ತಾನೆ ಕುಡ್ದು ಬಂದೆ” ಅಂದೆ.

ಪೆಟ್ಟಿಗೆ ಗೊರಗುಟ್ಟಿತು. ‘ಪ್ರಶ್ನೆ ಒಂದು. ಈ ವೃದ್ಧೆಗೆ ಏನು ಬೇಕು? ಏನೂ ಬೇಡ, ನೀರು, ಕಾಫಿ, ಸಕ್ಕರೆ ಜಾಸ್ತಿ ಹಾಕಿದ ಕಾಫಿ.’

ದಾಕ್ಷಿ ಏನೂ ಬೇಡ ಅಂದಳು. ಸೀಟಿ. ನೀರು. ಸೀಟಿ. ಕಾಫಿ. ಬೀದಿಯ ನಾಯಿಗಳೆಲ್ಲ ಓಡಿದವು. ನಾಲ್ಕನೆಯದು ಹೇಳಿದ ಮೇಲೆ ನಿಂತಿತು. ಸಕ್ಕರೆ ಕಾಯಿಲೆಯವಳು ನಾನು. ಎಲ್ಲರೂ ನನ್ನನ್ನೇ ನೋಡಿದರು.

ಮಂಗಳವಾರ ಶಂಭುಲಿಂಗಪ್ಪನ ಭಾವಮೈದ ಬಂದಿದ್ದ. ‘ಸರಿ, ಬರ್ತೀನಿ’ ಎಂದು ಎದ್ದ ಕೂಡಲೇ ಪೆಟ್ಟಿಗೆ, ಇವರು ಯಾವಾಗ ಹೋಗುತ್ತಾರೆ ಎಂದು ಕೇಳಿತು. ‘ಗೇಟಿನ ಹತ್ತಿರ ಇನ್ನೂ ಮುಕ್ಕಾಲು ಗಂಟೆ ನಿಂತ ಮೇಲೆ’ ಎಂಬುದು ಸರಿಯುತ್ತರ. ಅವಮಾನವಾಗಿ ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಬಿಟ್ಟ.

ಬುಧವಾರ ಇನ್ನೂ ಕೆಟ್ಟದ್ದಾಯಿತು. ಎದುರುಮನೆಯ ಗಿರಿಜಕ್ಕ ತಾಂಬೂಲದ ಜೊತೆ ರವಿಕೆ ಕಣ ಕೊಟ್ಟಳು. ಸರ್ವಮಂಗಳ ಬಣ್ಣ ಎಷ್ಟು ಚೆನ್ನಾಗಿದೆ ಎಂದು ಹೊಗಳಿದಳು. ಆ ಕಣ ಮುಂದೆ ಏನಾಗುತ್ತದೆ ಎಂದು ಪೆಟ್ಟಿಗೆ ವಿಚಾರಿಸಿತು. ದಾಕ್ಷಿ ಒಂದೇ ಏಟಿಗೆ ಹೇಳಿದಳು: “ಶುಕ್ರವಾರ ಬೇರೆಯವ್ರ ಮನೆ ಅರಿಶಿನ ಕುಂಕುಮಕ್ಕೆ ಹೋಗತ್ತೆ.” ಸೀಟಿ ಹೊಡೆಯಲಿಲ್ಲ. ಗಿರಿಜಕ್ಕ ಕಣ ವಾಪಸ್ ಕಿತ್ತುಕೊಂಡು ಹೋದಳು.

“ನಿನ್ ಪರೀಕ್ಷೆ ಮುಗ್ಯೋಷ್ಟ್ರಲ್ಲಿ ನಂಗೆ ನೆಂಟ್ರೇ ಇರಲ್ಲ ಕಣೇ” ಎಂದು ಸರ್ವಮಂಗಳ ಗೊಣಗಿದಳು. ಅಪ್ಪ ಮಾತ್ರ ಮಗಳ ಬೆನ್ನು ತಟ್ಟಿದ.

ಶುಕ್ರವಾರದ ಹೊತ್ತಿಗೆ ಬೀದಿಯಲ್ಲಿ ಮಾತೇ ನಿಂತುಹೋಯಿತು. ಸೊಪ್ಪಿನವಳು ಬೆರಳೆತ್ತಿ ವ್ಯಾಪಾರ ಮಾಡಿದಳು. ಅತ್ತೆ ಸೊಸೆಯರು ಪಾತ್ರೆ ಬಡಿದು ಜಗಳವಾಡಿದರು. ಕೇಳಲು ಏನೂ ಸಿಗದ ಪೆಟ್ಟಿಗೆ ತನ್ನ ಮಾತನ್ನೇ ಕೇಳಿಸಿಕೊಂಡಿತು! ‘ಪ್ರಶ್ನೆ ಮುನ್ನೂರ ಹನ್ನೊಂದು. ಮುನ್ನೂರ ಹತ್ತನೆಯ ಪ್ರಶ್ನೆ ಕೇಳಿದವರ ಮನಸ್ಥಿತಿ ಏನು?’ ದಾಕ್ಷಿ ‘ಒಂಟಿತನ’ ಅಂದಳು. ಸರಿ. ಕೂಡಲೇ ಆ ಪ್ರಶ್ನೆಯ ಮೇಲೊಂದು ಪ್ರಶ್ನೆ, ಅದರ ಮೇಲೆ ಮತ್ತೊಂದು. ಬಿಸಿಲು ತಪ್ಪಿದರೆ ನಿಂತೀತೆಂದು ಶಂಭುಲಿಂಗಪ್ಪ ಸೋಲಾರ್ ಹಲಗೆಗೆ ಕಂಬಳಿ ಹೊದಿಸಿದ. ಕತ್ತಲಾಯಿತೆಂದು ಅಳುವ ದನಿಯಲ್ಲೇ ಮುಂದಿನ ಪ್ರಶ್ನೆ ಕೇಳಿತು. ಹುಡುಗಿ ಊಟ ಮಾಡುತ್ತ, ಜಡೆ ಹಾಕಿಕೊಳ್ಳುತ್ತ ಉತ್ತರ ಹೇಳುತ್ತಲೇ ಇದ್ದಳು.

ಭಾನುವಾರ ಸಂಜೆ ಎರಡು ಸಾವಿರದ ನಾಲ್ಕನೆಯದು ಬಂತು. ಇಷ್ಟೊಂದು ಪ್ರಶ್ನೆ ಕೇಳುವವರಿಗೆ ನಿಜಕ್ಕೂ ಏನು ಬೇಕು? ದಾಕ್ಷಿ ನಾಲ್ಕು ಉತ್ತರಗಳಿಗೂ ಕಾಯಲಿಲ್ಲ. ಪೆಟ್ಟಿಗೆಯ ಬೆನ್ನು ಸವರಿ, “ಯಾರಾದ್ರೂ ‘ಸಾಕು, ಮಲಗು’ ಅನ್ಬೇಕು” ಅಂದಳು.

ಪೆಟ್ಟಿಗೆ ಉದ್ದಕ್ಕೆ ಉಸಿರುಬಿಟ್ಟು, ಸಣ್ಣಗೆ ಗೊರಕೆ ಹೊಡೆಯತೊಡಗಿತು. ಇವತ್ತಿಗೂ ಎದ್ದಿಲ್ಲ.

ಫಲಿತಾಂಶ ಬಂತು: ಹತ್ತಕ್ಕೆ ಒಂಬತ್ತು. ಬಿ.ಎಡ್. ಸೀಟು ಉಳಿಯಿತು. ತಪ್ಪಿದ್ದು ಯಾವುದೆಂದು ಕೇಳಿದೆ. ಟೇಪಿನಲ್ಲಿ ಒಬ್ಬ ಹೆಂಗಸು ಗಂಡನಿಗೆ ‘ನನಗೇನೂ ಕೋಪವಿಲ್ಲ’ ಅಂದಳಂತೆ. ದಾಕ್ಷಿ ‘ವಿಪರೀತ ಕೋಪ ಬಂದಿದೆ’ ಎಂಬುದಕ್ಕೆ ಗುರುತು ಹಾಕಿದ್ದಳು. ಆಕೆಗೆ ನಿಜವಾಗಿಯೂ ಕೋಪ ಬಂದಿರಲಿಲ್ಲವಂತೆ.

ಅಂಥ ಹೆಂಗಸು ನಮ್ಮ ಬೀದಿಯಲ್ಲಿ ಒಬ್ಬಳಾದರೂ ಇದ್ದಿದ್ದರೆ ಮಗು ಅದನ್ನೂ ಕಲಿತಿರುತ್ತಿತ್ತು.