ಹೊಸ್ತಿಲ ಮುಂದೆ ಬಿಳಿ ಧೋತರ

ನಮ್ಮ ಯಜಮಾನರಂಥ ಹುಚ್ಚು ಮನುಷ್ಯ ಮಾದನಹಿಪ್ಪರಗಾದಿಂದ ಮಟಕಿಯವರೆಗೆ ಇನ್ನೊಬ್ಬರಿದ್ದರೆ ತಿಳಿಸಿ, ಇಬ್ಬರನ್ನೂ ಒಂದೇ ಕಂಬಕ್ಕೆ ಕಟ್ಟೋಣ. ಮೂಗಿನ ಮೇಲಿನ ಚಾಳೀಸನ್ನೇ ಮನೆ ತುಂಬ ಹುಡುಕುವ ಇವರಿಗೆ, ಕರಿ ನಾಯಿಯ ಮೈಮೇಲಿನ ಎಳ್ಳಿನಷ್ಟು ಉಣ್ಣಿ ಹತ್ತು ಮಾರು ದೂರದಿಂದ ಕಾಣುತ್ತದೆ.

ಎಲ್ಲಕ್ಕೂ ಕಾರಣ ನಮ್ಮ ಮೂರು ವರ್ಷದ ಮೊಮ್ಮಗಳು. ಒಬ್ಬಳೇ ಒಬ್ಬಳು, ಅವಳು ಅಂಗಳದಲ್ಲಿ ಓಡಿದರೆ ನನ್ನ ಹಿಗ್ಗು ಮಾಳಿಗೆ ಹಾರುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ಮಗಳ ಜೊತೆ ಇಲ್ಲಿಗೆ ಬಂದಾಗ ನಾಯಿ ಮೋತಿಯನ್ನು ತಬ್ಬಿ ಮಲಗಿದ್ದಳು. ಎದ್ದಾಗ ಕಿವಿಯ ಹಿಂದೆ ಉಣ್ಣಿ. ನಾನು ಗಾಬರಿಯಾಗಿ ಸುಣ್ಣ ಬಳಿದೆ. ಉಣ್ಣಿ ಬಿಡಲಿಲ್ಲ, ಕಿವಿ ಬಾತಿತು, ಎರಡು ದಿನ ಜ್ವರ.

ಮಗಳು ಹೊರಡುವಾಗ ಅಪ್ಪನಿಗೆ ಹೇಳಿದಳು, "ಯಪ್ಪಾ, ಇನ್ನೊಂದ ಉಣ್ಣಿ ಕಂಡ್ರ ಕೂಸಿನ್ನ ಕರಕೊಂಡು ಬರಂಗಿಲ್ಲ. ಇಲ್ಲಾ, ಮೋತಿನ್ನ ಯಾರಿಗರ ಕೊಟ್ಟುಬಿಡು."

"ಕೂಸೂ ಬರಬೇಕು, ಮೋತಿನೂ ಇರಬೇಕು," ಎಂದು ಇವರು ರುಮಾಲು ಬಿಗಿದರು.

ಅಂದಿನಿಂದ ಶುರು. ದನದ ಡಾಕ್ಟರು ಹೇಳಿದಂತೆ ತಿಂಗಳಿಗೊಮ್ಮೆ ಮೋತಿಗೆ ಔಷಧ. ಅಂಗಳದ ಹುಲ್ಲು ಬೋಳು. ಮುಳ್ಳು ಕೀಳಲೆಂದು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಚಿಮಟಕ್ಕೆ ಹೊಸ ನೌಕರಿ: ಉಣ್ಣಿಯನ್ನು ತೊಗಲಿನ ಹತ್ತಿರವೇ ಹಿಡಿ, ನೆಟ್ಟಗೆ ಎಳೆ, ಸಾಬೂನು ಹಚ್ಚಿ ತೊಳೆ. ಸುಣ್ಣದ ಡಬ್ಬಿ ನನ್ನ ಕೈಗೆ ಸಿಗದಂತೆ ಮಾಯ. ಎಲೆ ಅಡಿಕೆ ಹಾಕುವವಳ ಪಾಡು ಯಾರಿಗೆ ಹೇಳಲಿ?

ಹೊಸ್ತಿಲ ಮುಂದೆ ತಮ್ಮ ಬಿಳಿ ಧೋತರವನ್ನೇ ಹಾಸಿದರು. ಹೊಲದಿಂದ ಬಂದವರು ಅದರ ಮೇಲೆ ನಿಂತು ಬಟ್ಟೆ ಕೊಡವಬೇಕು, ಆಮೇಲೆ ಕಿವಿ ತೋರಿಸಬೇಕು. ನಮ್ಮ ತೊಗರಿ ಹೊಲ ನೋಡಿ ಬಂದ ಬೀಗತಿಯನ್ನೂ, ಅಂದರೆ ಮಗಳ ಅತ್ತೆಯನ್ನೂ, ಬಿಡಲಿಲ್ಲ.

"ಸ್ವಲ್ಪ ಸೆರಗ ಝಾಡಸ್ರಿ."

"ನಾವೇನ ಎಮ್ಮಿ ಅಂತ ತಿಳದೀರೇನ್ರಿ?"

"ಎಮ್ಮಿ ಆಗಿದ್ರ ಕೊಳ್ಳಾಗ ಹಗ್ಗಾ ಹಾಕಿ ನೋಡತಿದ್ದೆ. ನಿಮಗ ರಿಯಾಯತಿ ಐತ್ರಿ."

ನಾನು ಕಂಬದ ಮರೆಗೆ ಸರಿದೆ. ಬೀಗತಿ ಸಿಟ್ಟಿನಿಂದ ಸೆರಗು ಕೊಡವಿದರು. ಧೋತರದ ಮೇಲೆ ಕರಿ ಚುಕ್ಕಿಯೊಂದು ಬಿದ್ದು ನಡೆಯತೊಡಗಿತು. ಈಗ ಅವರ ಮನೆಯ ಹೊಸ್ತಿಲಿಗೂ ಧೋತರ ಬಂದಿದೆ.

ಈ ಮಳೆಗಾಲ ಮಗಳು ಕೂಸಿನ ಸಮೇತ ಬಂದಳು. ಮೋತಿಯ ಕಾಲ್ಬೆರಳ ಸಂದಿಯನ್ನೂ ಬಿಡದೆ ನೋಡಿದಳು. ಏನೂ ಇಲ್ಲ. ಇವರು ಮೀಸೆ ತಿರುವಿದ್ದೇ ತಿರುವಿದ್ದು. ಮರುದಿನ ಇವರು ಹೊಲದಿಂದ ಬಂದಾಗ ಕೂಸು ಹೊಸ್ತಿಲಲ್ಲಿ ಅಡ್ಡ ನಿಂತಿತು.

"ಮುತ್ಯಾ, ನಿಂದ್ರು. ರುಮಾಲ ತಗಿ."

ಬೀಗರ ಮುಂದೂ ರುಮಾಲು ತೆಗೆಯದವರು ಧೋತರದ ಮೇಲೆ ಕುಳಿತು ತಲೆ ಬಗ್ಗಿಸಿದರು. ಕೂಸು ಪುಟ್ಟ ಬೆರಳಿನಿಂದ ಕಿವಿ ಮಡಚಿತು.

"ಐತಿ, ಮುತ್ಯಾ."

ಇತ್ತು. ಕಿವಿಯ ಹಿಂದೆ ಉಣ್ಣಿ. ಮಗಳು ಅವರ ಉಡಿದಾರದ ಚಿಮಟ ಬಿಚ್ಚಿ, ನೆಟ್ಟಗೆ ಎಳೆದು, ಸಾಬೂನು ಹಚ್ಚಿ ತೊಳೆದಳು.

"ಕೂಸಿನ್ನ ಕರಕೊಂಡ ಹೋಗ್ತಿ ಏನವ್ವ?" ತಲೆ ಎತ್ತದೆ ಕೇಳಿದರು.

"ಹೆಂಗ ಹೋಗ್ಲೋ ಯಪ್ಪಾ? ನಿನ್ನ ಕಿವಿ ಯಾರ ನೋಡಬೇಕು?"

ಊರಿನವರ ಕಿವಿಯನ್ನೆಲ್ಲ ನೋಡಿದ ಮನುಷ್ಯನ ಕಿವಿಯನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಈಗ ದಿನಾ ಸಂಜೆ ರುಮಾಲು ಬಿಚ್ಚಿ ಧೋತರದ ಮೇಲೆ ಕೂರುತ್ತಾರೆ. ಬಲಗಿವಿ ಕೂಸಿಗೆ, ಎಡಗಿವಿ ನನಗೆ.