ಮಗಳ ಹೆಸರಿಗೆ ಮೂರು ಹೂಂ

ನಾನು ಸಾಂಗಲಿಯ ಒಂದು ಕಚೇರಿಯಲ್ಲಿ ಕಾರಕೂನ. ಯಾವ ಕಚೇರಿ ಎಂದು ಹೊರಗೆ ಹೇಳಬಾರದೆಂದು ನಮ್ಮ ರಾವಸಾಹೇಬರ ಅಪ್ಪಣೆಯಾಗಿದೆ. ಅದಕ್ಕೂ ಹೂಂ ಎಂದಿದ್ದೇನೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಬಾಯಿಂದ ‘ಇಲ್ಲ’ ಎಂಬ ಮಾತು ಒಮ್ಮೆಯೂ ಹೊರಟಿಲ್ಲ. ಇದು ದೊಡ್ಡ ಗುಣವೆಂದೇ ನಾನು ತಿಳಿದಿದ್ದೆ. ಇಂಥವನಿಗೆ ಯಾರು ತಾನೇ ಕೆಡುಕು ಮಾಡಿಯಾರು? ಯಾರೂ ಮಾಡಲಿಲ್ಲ. ಎಲ್ಲಾ ನಾನೇ ಮಾಡಿಕೊಂಡೆ!

ನನ್ನ ಹೆಂಡತಿ ನೀಲವ್ವ ಚೊಚ್ಚಲ ಹೆರಿಗೆಗೆ ತವರೂರು ಆರಗಕ್ಕೆ ಹೋದಳು. ಅವಳಿಗೆ ತಾಯಿಯಿಲ್ಲ. ನಾಲ್ಕು ವರ್ಷದವಳಿದ್ದಾಗಲೇ ತಾಯಿ ಗಂಗವ್ವ ತೀರಿಕೊಂಡಳು, ಸಾಕಿದವಳು ತಾಯಿಯ ತಂಗಿ, ಮಾವಶಿ. ಹೊರಡುವ ದಿನ ಬಾಗಿಲಲ್ಲಿ ನಿಂತು ಅವಳು ಹೇಳಿದಳು:

“ಹೆಣ್ಣ ಹುಟ್ಟಿದ್ರ ನಮ್ಮವ್ವನ ಹೆಸರ ಇಡೂಣ್ರಿ. ಗಂಗವ್ವ ಅಂತ. ಅವ್ವಾ ಅಂತ ಕರದು ನನಗ ಹದಿನಾಕ ವರ್ಷ ಆತು.”

“ಹೂಂ.”

“ಕಚೇರ್‍ಯಾಗಿನ ಹೂಂ ಬ್ಯಾಡ್ರಿ. ಖರೇನ ಹೂಂ ಅನ್ರಿ.”

“ಖರೇನ ಹೂಂ!”

ಹೊಟ್ಟೆಯೊಳಗಿಂದ ಹೊರಟ ಹೂಂ ನನ್ನ ಜನ್ಮದಲ್ಲಿ ಅದೊಂದೇ.

ಅವಳು ಹೋದ ಮೇಲೆ ಮನೆ ಭಣಭಣ ಎನ್ನತೊಡಗಿತು. ರೊಟ್ಟಿ ನಾನೇ ಬಡಿದುಕೊಂಡೆ, ಒಂದೂ ದುಂಡಗಾಗಲಿಲ್ಲ. ಬಳೆ ಸಪ್ಪಳವಿಲ್ಲದ ಅಡಿಗೆಮನೆಯಲ್ಲಿ ಕೂತು ತಿನ್ನಲು ಮನಸ್ಸಾಗದೆ ಸಂಜೆಗೆ ಕೃಷ್ಣೆಯ ಘಾಟಿಗೆ ಹೋಗಿ, ಆರಗದ ಕಡೆ ಮುಖ ಮಾಡಿ ನಿಟ್ಟುಸಿರು ಬಿಡುತ್ತಿದ್ದೆ. ಎಂಟು ದಿನ ಹೀಗೆ ನಿಟ್ಟುಸಿರು ಬಿಟ್ಟ ಮೇಲೆ ತಿಳಿಯಿತು, ಹೊಳೆ ಇರುವುದು ಊರ ಪಡುವಣಕ್ಕೆ, ಆರಗ ಇರುವುದು ಮೂಡಣಕ್ಕೆ!

ಹೆಣ್ಣುಮಗುವೇ ಹುಟ್ಟಿತು. ಕಚೇರಿಯಲ್ಲಿ ಬರ್ಫಿ ಹಂಚಿದೆ. ರಾವಸಾಹೇಬರು ಒಂದು ತುಣುಕು ಬಾಯಿಗೆ ಹಾಕಿಕೊಂಡು, ಮಗಳಿಗೆ ಚಂದ್ರಿಕಾ ಎಂದು ಹೆಸರಿಡು ಎಂದು ಅಪ್ಪಣೆ ಕೊಟ್ಟರು. “ಹೂಂ ರೀ ಸಾಹೇಬ” ಎಂದೆ. ಸಾಹೇಬರು ನಾಳೆ ಮರೆಯುತ್ತಾರೆ, ಹೂಂ ಎನ್ನಲು ನನಗೇನು ಖರ್ಚು?

ಹೆಡ್ ಕಾರಕೂನ ಅಣ್ಣಾಜಿಯವರು ಮರೆಯುವ ಪೈಕಿ ಅಲ್ಲ. ಅವರು ಎರಡು ತುಣುಕು ತಿಂದು ಕಣ್ಣು ತುಂಬಿಕೊಂಡರು.

“ಶಿವಲಿಂಗಪ್ಪಾ, ನಮ್ಮ ತಾಯಿ ಹೆಸರು ದ್ವಾರಕಾ. ನನಗಂತೂ ಹೆಣ್ಣಮಕ್ಕಳಿಲ್ಲ. ನಿನ್ನ ಮಗಳಿಗೆ ಇಡತೀಯೇನೋ?”

ಮುದುಕರ ಕಣ್ಣಲ್ಲಿ ನೀರು. “ಹೂಂ ರೀ” ಎಂದೆ. ಹೀಗೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಹದಿಮೂರನೆಯ ದಿನ ಬರುವ ಮೊದಲೇ ನನ್ನ ಮಗಳು ಮೂರು ಹೆಸರಿನ ಒಡತಿಯಾದಳು. ರಜೆಯ ಅರ್ಜಿಯನ್ನು ಇಬ್ಬರೂ ಓದುವವರಾದ್ದರಿಂದ ಬಹಳ ಯೋಚಿಸಿ, “ಸೇವಕನ ಕನ್ಯಾರತ್ನದ ನಾಮಕರಣ ಪ್ರೀತ್ಯರ್ಥ” ಎಂದು ಬರೆದೆ.

ತೊಟ್ಟಿಲ ದಿನ ಬೆಳಿಗ್ಗೆ ಅಣ್ಣಾಜಿ ಒಂದು ಗಂಟು ತಂದರು. ಅವರ ಹೆಂಡತಿ ಕೂಸಿಗೆಂದು ತಲೆಯಿಂದ ಬೆನ್ನಿಗೆ ಇಳಿಬೀಳುವ ಕುಂಚಿಗೆ ಹೊಲಿದಿದ್ದರು. ಕೆಂಪು ಖಣ, ಹಸಿರು ಅಂಚು, ಬೆನ್ನ ಮೇಲೆ ಬಿಳಿ ದಾರದಲ್ಲಿ ದಪ್ಪ ಬಾಲಬೋಧ ಮರಾಠಿ ಅಕ್ಷರಗಳಲ್ಲಿ ‘ದ್ವಾರಕಾ’! “ನನ್ನ ಕಣ್ಣ ಮುಂದ ಚೀಲದಾಗ ಇಡು” ಎಂದರು. ಇಟ್ಟೆ. ಆರಗಕ್ಕೆ ಹೋದ ಕೂಡಲೇ ಯಾರಿಗೂ ಕಾಣದಂತೆ ಪೆಟ್ಟಿಗೆಯ ತಳಕ್ಕೆ ಸೇರಿಸುವುದೆಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿದೆ.

ಹೊರಡುವಷ್ಟರಲ್ಲಿ ರಾವಸಾಹೇಬರು ಕರೆದರು. ಅವರ ಕೈಯಲ್ಲಿ ಒಂದು ದೊಡ್ಡ ಹಾರ.

“ಹೆಂಗೂ ಮಿರಜಕ್ಕ ಹೊಂಟೀದಿ. ಪುಣೆ ಗಾಡಿಗೆ ಪಾಹುಣೇರು ಬರತಾರ. ಹಾರ ಹಾಕಿ ಟಾಂಗಾದಾಗ ಕುಂದರಿಸಿ ಕಳಸು.”

ಬರಲಿದ್ದ ಆ ಅತಿಥಿಯ ಪತ್ರವನ್ನು ನಕಲು ಮಾಡಿದವನೇ ನಾನು. ಅದರಲ್ಲಿ ‘ಗುರುವಾರ’ ಎಂದಿತ್ತು. ಅಂದು ಮಂಗಳವಾರ. ಆದರೆ ಸಾಹೇಬರಿಗೆ ವಾರ ತಪ್ಪಿದೆ ಎಂದು ಹೇಳುವುದು ಹೇಗೆ? ಸಾಹೇಬರು ಇವತ್ತು ಎಂದರೆ ಇವತ್ತು!

“ಹೂಂ ರೀ ಸಾಹೇಬ.”

ಮಿರಜ ಸ್ಟೇಷನ್ನಿನಲ್ಲಿ ಕೈಯಲ್ಲಿ ಹಾರ ಹಿಡಿದು, ಬರುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದ ಮನುಷ್ಯನ ದಾರಿ ಕಾಯುತ್ತ ನಿಂತೆ. ಪುಣೆ ಗಾಡಿ ತಡವಾಗಿತ್ತು. ಆಚೆ ಬದಿಗೆ ಆರಗದ ಸಣ್ಣ ಗಾಡಿ ಹೊಗೆಯುಗುಳುತ್ತ ನಿಂತಿತ್ತು. ನಡುವೆ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ ನಡೆದರೆ ಮಗಳ ಮುಖ, ನೀಲವ್ವನ ಮುಖ. ಎರಡು ಸಲ ಹೊರಟೆ. ಎರಡು ಸಲವೂ ಕೈಯಲ್ಲಿನ ಹಾರ ನೋಡಿ ಹಿಂದಕ್ಕೆ ಬಂದೆ.

ಆರಗದ ಭೀಮಣ್ಣ ಕಾಕಾ ಡಬ್ಬಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಅಳಿಯಾ, ಹತ್ತರಿ! ಯಾರನ್ನ ಕಾಯಾಕತ್ತೀರಿ?”

“ಪಾಹುಣೇರ ಬರತಾರ್‍ರಿ.”

“ಯಾವಾಗ?”

“ಗುರುವಾರ!”

ಕಾಕಾ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಗಾಡಿ ಸೀಟಿ ಹೊಡೆಯಿತು. ನಾನಿಲ್ಲದಿದ್ದರೂ ಚೀಲದಲ್ಲಿದ್ದ, ತೊಟ್ಟಿಲಿಗೆ ಕಟ್ಟುವ ಗಿಲಕಿಯಾದರೂ ಹೊತ್ತಿಗೆ ಸರಿಯಾಗಿ ಮುಟ್ಟಲಿ ಎಂದು ಓಡಿಹೋಗಿ ಚೀಲವನ್ನು ಕಿಟಕಿಯಲ್ಲಿ ತುರುಕಿದೆ. “ನಮ್ಮ ಅಕ್ಕನ ಕೈಯಾಗ ಕೊಡ್ರಿ!” ಎಂದು ಕೂಗಿದೆ. ಗಾಡಿ ಹೋಯಿತು. ಹೊಗೆಯೂ ಹೋಯಿತು. ಆಮೇಲೆ ಕುಂಚಿಗೆ ನೆನಪಾಯಿತು!

ನಮ್ಮಲ್ಲಿ ಹೆಸರು ಬರುವುದು ತಂದೆಯ ಮನೆಯಿಂದ. ತೊಟ್ಟಿಲ ಹೊತ್ತಿನ ತನಕ ಅದನ್ನು ಯಾರಿಗೂ ಬಿಟ್ಟು ಹೇಳುವ ಹಾಗಿಲ್ಲ. ತಂದೆ ತಂದ ಹೆಸರನ್ನು ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಊದುತ್ತಾಳೆ. ಊದುವವಳು ನಮ್ಮ ಅಕ್ಕ. ಅವಳು ಎರಡು ದಿನ ಮೊದಲೇ ಹೋಗಿ ನನ್ನ ದಾರಿ ಕಾಯುತ್ತಿದ್ದಳು.

ಪುಣೆ ಗಾಡಿ ಬಂತು. ಪಾಹುಣೇರು ಬರಲಿಲ್ಲ. ನಾನು ಆರಗ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮುತ್ತೈದೆಯರೆಲ್ಲ ಮನೆಗೆ ಹೋಗಿದ್ದರು. ತೊಟ್ಟಿಲಲ್ಲಿ ಮಗಳು ಕೆಂಪು ಕುಂಚಿಗೆ ತೊಟ್ಟು ಮಲಗಿದ್ದಳು. ಇಷ್ಟು ಸಣ್ಣ ಮುಖ! ಬಾಡಿದ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ತೊಟ್ಟಿಲ ಮೂಲೆಗೆ ತೂಗುಹಾಕಿದೆ.

“ಶಾಲಿ ಮಾಸ್ತರು ಅಕ್ಷರ ಓದಿದ್ರು” ಎಂದಳು ನೀಲವ್ವ. “ನೀವು ಕಳಿಸಿದ ಹೆಸರಂತ ಅಕ್ಕಾರು ಅದನ್ನ ಊದಿದ್ರು.”

“ನೀ ಬ್ಯಾಡ ಅನಬೇಕಿಲ್ಲೇನ?”

“ನೀವ ಕಳಿಸೀರಿ ಅಂದಮ್ಯಾಲೆ ಏನ ಅನ್ನಲಿ? ಹೂಂ ಅಂದೆ.”

ಮನೆಯಲ್ಲಿ ಹೂಂ ಎನ್ನುವವನು ನಾನೊಬ್ಬನೇ ಎಂದುಕೊಂಡಿದ್ದೆ. ಅಣ್ಣಾಜಿಯ ಕಣ್ಣೀರು, ಸಾಹೇಬರ ಮಂಗಳವಾರ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೂಸು ಎದ್ದು ಅತ್ತಿತು. ಎತ್ತಿಕೊಂಡು, ಗೋಡೆ ಕಡೆ ತಿರುಗಿ, “ಯಾಕಬೇ ನಮ್ಮವ್ವಾ, ಅಳಬ್ಯಾಡಬೇ ಅವ್ವಾ” ಎಂದಳು. ನನಗೆ ಎಲ್ಲಾದರೂ ಇಂಗಿಹೋಗಬೇಕೆನಿಸಿತು.

ಕೂಸನ್ನು ತಟ್ಟುತ್ತ, ತಿರುಗದೆಯೇ ಕೇಳಿದಳು:

“ನಾಳೆ ಒಂದ ದಿನ ನಮ್ಮ ಕೂಡ ಇರ್‍ರಿ. ಕಚೇರಿಗೆ ಹೋಗಬ್ಯಾಡ್ರಿ.”

ಎರಡು ತಿಂಗಳಿಂದ ನನ್ನ ಜೀವ ಹಂಬಲಿಸಿದ್ದು ಅದೊಂದಕ್ಕೇ.

“ಹೂಂ!” ಎಂದೆ.

ನೀಲವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗಿನ ಕಡೆ ಮುಖ ಮಾಡಿ ಕೂಗಿದಳು:

“ಮಾವಶಿ, ನಸುಕಿನ ಗಾಡಿಗೆ ಇವರಿಗೆ ಬುತ್ತಿ ಕಟ್ಟರಿ.”

ಬುತ್ತಿ ಚಲೋ ಇತ್ತು. ಮಿರಜ ಸ್ಟೇಷನ್ನಿನಲ್ಲಿ, ಹಿಂದಿನ ದಿನ ಹಾರ ಹಿಡಿದು ನಿಂತಿದ್ದ ಜಾಗದಲ್ಲೇ ಕೂತು ತಿಂದೆ.